ಕೊನೆಯ ತುದಿಗೆ ಗಾಳಿ

1959ರ ಸೆಪ್ಟೆಂಬರ್ 18ರ ಬೆಳಿಗ್ಗೆ ಸ್ಕಾಟ್ಲೆಂಡಿನ ಆಕೆನ್‌ಗೀಕ್ ಕಲ್ಲಿದ್ದಲು ಗಣಿಯಲ್ಲಿ 48 ಮಂದಿ ಬೋಗಿಗಳಲ್ಲಿ ಕುಳಿತು ನೆಲದಡಿಯ ಕೆಲಸಕ್ಕೆ ಹೊರಟಿದ್ದರು. ಎದುರಿನಿಂದ ಹೊಗೆ ಬಂತು. ಹಿಂದಿರುಗಿ ಬರುವಷ್ಟರಲ್ಲಿ ಕಾರ್ಬನ್ ಮಾನಾಕ್ಸೈಡ್ ಅವರನ್ನು ಆವರಿಸಿತು. 47 ಮಂದಿ ಸತ್ತರು, ಒಬ್ಬ ಉಳಿದ. ಅಲ್ಲಿ ಮೀಥೇನ್ ಸಿಡಿದಿರಲಿಲ್ಲ, ಗಣಿ ಕುಸಿದಿರಲಿಲ್ಲ. ಅವರ ಉಸಿರಿಗೆಂದೇ ಒಳಗೆ ಕೂರಿಸಿದ್ದ ಬೂಸ್ಟರ್ ಫ್ಯಾನಿನ ಬೆಲ್ಟು ಉಜ್ಜಿ, ಕಾದು, ಹೊತ್ತಿಕೊಂಡಿತ್ತು.

ಅಂಥ ಫ್ಯಾನನ್ನು ಗಣಿಯೊಳಗೆ ಇಡುವುದಾದರೂ ಏಕೆ?

ಗಣಿಗೆ ಗಾಳಿ ಒಂದು ಶಾಫ್ಟಿನಿಂದ ಇಳಿದು, ಕಲ್ಲಿದ್ದಲು ಕಡಿಯುವ ಜಾಗ ಮುಟ್ಟಿ, ಮೀಥೇನನ್ನೂ ದೂಳನ್ನೂ ಹೊತ್ತು ಇನ್ನೊಂದು ಶಾಫ್ಟಿನಿಂದ ಹೊರಬೀಳುತ್ತದೆ. ಅದನ್ನು ಎಳೆಯುವುದು ನೆಲದ ಮೇಲಿನ ಮುಖ್ಯ ಫ್ಯಾನು. ಕಡಿಯುವ ಜಾಗ ವರ್ಷದಿಂದ ವರ್ಷಕ್ಕೆ ದೂರ ಸರಿಯುತ್ತದೆ, ಗಾಳಿಯ ದಾರಿ ಉದ್ದವಾಗುತ್ತದೆ. ಅದೇ ದಾರಿಯಲ್ಲಿ ಎರಡರಷ್ಟು ಗಾಳಿ ಹರಿಯಬೇಕಾದರೆ ನಾಲ್ಕರಷ್ಟು ಒತ್ತಡ ಬೇಕು, ಎಂಟರಷ್ಟು ಶಕ್ತಿ ಬೇಕು. ಮೇಲಿನ ಫ್ಯಾನನ್ನೇ ಜೋರು ಮಾಡಿದರೆ ಶಾಫ್ಟಿನ ಹತ್ತಿರದ ಬಾಗಿಲು, ತಡೆಗೋಡೆಗಳ ಸಂದಿನಲ್ಲಿ ಸೋರಿಕೆಯೂ ಹೆಚ್ಚುತ್ತದೆ. ಕೊನೆಯ ತುದಿಯಲ್ಲಿ ಬೆವರು ಸುರಿಸುವವನಿಗೆ ಉಳಿಯುವುದು ಅಷ್ಟಕ್ಕಷ್ಟೆ. ಭಾರತದ ನಿಯಮದ ಪ್ರಕಾರ ಪಾಳಿಯ ಪ್ರತಿ ಕಾರ್ಮಿಕನಿಗೆ ನಿಮಿಷಕ್ಕೆ ಕನಿಷ್ಠ 6 ಘನ ಮೀಟರ್ ಗಾಳಿ ಸಿಗಬೇಕು. ಆದ್ದರಿಂದ ದಾರಿಯ ನಡುವೆ, ಗಣಿಯೊಳಗೇ ಇನ್ನೊಂದು ಫ್ಯಾನು.

ಚೆನ್ನೈ, ಹೈದರಾಬಾದುಗಳ ಬಾಡಿಗೆ ಮನೆಗಳಲ್ಲಿ ಇದ್ದವರಿಗೆ ಇದರ ತಂಟೆ ಬೇಗ ಅರ್ಥವಾದೀತು. ಕಾರ್ಪೊರೇಷನ್ ನಲ್ಲಿಗೆ ಒಬ್ಬರು ಮೋಟಾರ್ ಹಾಕಿದರೆ ಪಕ್ಕದ ಮನೆಯ ನಲ್ಲಿ ಒಣಗುತ್ತದೆ. ಗಣಿಯ ಒಂದು ಕವಲಿನಲ್ಲಿ ಬೂಸ್ಟರ್ ಹಾಕಿದರೆ ಉಳಿದ ಕವಲುಗಳ ಗಾಳಿ ಕಡಿಮೆಯಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಬೂಸ್ಟರ್ ಅತಿಯಾಗಿ ತಳ್ಳಿದರೆ, ಹೊರಹೋಗಬೇಕಾದ ಕೆಟ್ಟ ಗಾಳಿ ಬಾಗಿಲುಗಳ ಸಂದಿನಿಂದ ಒಳಬರುವ ಗಾಳಿಯ ದಾರಿಗೆ ನುಗ್ಗಿ, ಅದೇ ಗಾಳಿ ಸುತ್ತತೊಡಗುತ್ತದೆ. ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರಷ್ಟಿದ್ದರೆ ಕಿಡಿಯೊಂದೇ ಸಾಕು.

ಈ ಭಯಕ್ಕೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಅಮೆರಿಕದ ಬಿಟುಮಿನಸ್ ಕಲ್ಲಿದ್ದಲು ಗಣಿಗಳಲ್ಲಿ ಬೂಸ್ಟರ್ ಫ್ಯಾನ್ ನಿಷಿದ್ಧ, ಆಂಥ್ರಸೈಟ್ ಗಣಿಗಳಿಗೆ ಮಾತ್ರ ವಿನಾಯಿತಿ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಅದನ್ನು ಷರತ್ತುಗಳ ಮೇಲೆ ಬಳಸಿದ್ದಾರೆ. ಬೇಡ ಎಂದುಬಿಡುವುದು ಸುಲಭವಾಗಿ ಕಾಣುತ್ತದೆ. ಆದರೆ ಆಗ ಆಳದ ಗಣಿಗೆ ಹೊಸ ಶಾಫ್ಟ್ ತೋಡಬೇಕು, ಇಲ್ಲವೇ ಮೇಲಿನ ಫ್ಯಾನನ್ನು ಇನ್ನಷ್ಟು ದೊಡ್ಡದು ಮಾಡಿ ಸೋರಿಕೆಯನ್ನು ಸಹಿಸಬೇಕು.

ಬಳಸುವುದಾದರೆ ಲೆಕ್ಕ ಮೊದಲು, ಯಂತ್ರ ಆಮೇಲೆ. ಇಡೀ ಗಣಿಯ ಗಾಳಿಯನ್ನೂ ಒತ್ತಡವನ್ನೂ ಅಳೆದು ಫ್ಯಾನಿನ ಜಾಗ, ಗಾತ್ರ ನಿರ್ಧರಿಸಬೇಕು. ಮುಖ್ಯ ಫ್ಯಾನು ನಿಂತರೆ ಬೂಸ್ಟರ್ ತಾನೇ ನಿಲ್ಲಬೇಕು. ಬೂಸ್ಟರ್ ನಿಂತರೆ ಪಕ್ಕದ ಬಾಗಿಲು ತೆರೆದು ಮುಖ್ಯ ಫ್ಯಾನಿನ ಗಾಳಿಗೆ ದಾರಿ ಬಿಡಬೇಕು, ಮುಂದಿನ ಯಂತ್ರಗಳ ವಿದ್ಯುತ್ ಕಡಿಯಬೇಕು, ಜನರನ್ನು ಹೊರಗೆ ಕರೆಯಬೇಕು. ಬೇರಿಂಗಿನ ಬಿಸಿ, ಅದುರುವಿಕೆ, ಮೀಥೇನ್, ಕಾರ್ಬನ್ ಮಾನಾಕ್ಸೈಡ್ ಇವುಗಳ ಮೇಲೆ ಹಗಲಿರುಳು ಕಣ್ಣಿರಬೇಕು. ಫ್ಯಾನಿನ ಸುತ್ತ ಸುಡುವಂಥದ್ದು ಏನೂ ಇರಕೂಡದು.

ಈ ಕೊನೆಯ ಮಾತು ಪಟ್ಟಿಯಲ್ಲಿ ತೀರಾ ಸಾಮಾನ್ಯವಾಗಿ ಕಾಣುತ್ತದೆ. ಆಕೆನ್‌ಗೀಕ್‌ನಲ್ಲಿ ಬೆಲ್ಟಿನ ಬೆಂಕಿ ಎಣ್ಣೆಯ ಜಿಡ್ಡಿಗೆ, ಮರದ ಆಸರೆಗಳಿಗೆ ಹಬ್ಬಿತು. ಫ್ಯಾನಿದ್ದದ್ದು ಹೊರಹೋಗುವ ಗಾಳಿಯ ದಾರಿಯಲ್ಲಿ, ಬೋಗಿಗಳು ಸಾಗುತ್ತಿದ್ದದ್ದೂ ಅದೇ ದಾರಿಯಲ್ಲಿ. ಗಾಳಿ ತನ್ನ ಎಂದಿನ ದಿಕ್ಕಿನಲ್ಲೇ ಹರಿಯಿತು, ಹೊಗೆಯನ್ನು ಅವರ ಮುಖಕ್ಕೆ ತಂದಿತು. ಬೆಂಕಿ ಆರಿಸಲು ಕೊನೆಗೆ ಗಣಿಗೆ ನೀರು ತುಂಬಿಸಬೇಕಾಯಿತು, ಒಳಗಿದ್ದವರು ಇನ್ನು ಬದುಕಿರಲಾರರು ಎಂದು ಒಪ್ಪಿಕೊಂಡ ಮೇಲೆ.