ಕಿಟಕಿ ಮುಚ್ಚಿದ ಮೇಲೆ

ನಮ್ಮಪ್ಪನಿಗೆ ಒಂದು ಚಟ. ಯಾರೂ ಇಲ್ಲದ ಕೋಣೆಯಲ್ಲಿ ಏನಾದರೂ ಉರಿಯುತ್ತಿದ್ದರೆ ಆರಿಸದೆ ಮುಂದೆ ಹೋಗುವುದಿಲ್ಲ. ಬಲ್ಬು, ಫ್ಯಾನು, ಟಿವಿ. 2024ರ ದೀಪಾವಳಿಗೆ ಸುರಪುರದ ಹತ್ತಿರದ ನಮ್ಮೂರಿಗೆ ಹೋದಾಗ ಆ ಪಟ್ಟಿಗೆ ನನ್ನ ಹಳೇ ಲ್ಯಾಪ್‌ಟಾಪೂ ಸೇರಿತು.

ಅದೇ ಅಕ್ಟೋಬರ್‌ನಲ್ಲಿ ಇಂಟರ್‌ನೆಟ್ ಆರ್ಕೈವ್ ಮೇಲೆ ಸೈಬರ್ ದಾಳಿ ನಡೆದು, ಕೆಲವು ದಿನ ಅದು ತೆರೆಯಲೇ ಇಲ್ಲ. ನಾನು ಅದರಲ್ಲಿ ಮೆಡೋಸ್ ಟೇಲರ್‌ನ ಆತ್ಮಕಥೆ ಓದುತ್ತಿದ್ದೆ. 1877ರಲ್ಲಿ ಅಚ್ಚಾದದ್ದು. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡುತ್ತಾ ಬೆಳೆದವರಿಗೆ ಅದು ಮನೆ ಪಕ್ಕದ ಸುದ್ದಿ. ನಮ್ಮೂರ ಕತೆ ಎಲ್ಲೋ ಅಮೆರಿಕದ ಸರ್ವರ್ ಮಲಗಿದರೆ ನಮಗೇ ಸಿಗೋದಿಲ್ಲ ಅಂದ್ರೆ ಹೇಗೆ? ಆರ್ಕೈವ್ ಮತ್ತೆ ತೆರೆದ ಮೇಲೆ ಆ ಪುಸ್ತಕ, ಜೊತೆಗೆ ಹಕ್ಕುಸ್ವಾಮ್ಯ ಮುಗಿದ ಒಂದಷ್ಟು ಹಳೇ ಕನ್ನಡ ಪುಸ್ತಕಗಳ ಟೊರೆಂಟ್ ಇಳಿಸಿಕೊಂಡೆ. 2012ರಿಂದ ಆರ್ಕೈವ್‌ನವರೇ ಕೊಡುತ್ತಿರುವ ಸೌಲಭ್ಯ ಅದು. ಇಳಿಸಿಕೊಂಡವರು ಪ್ರೋಗ್ರಾಂ ಮುಚ್ಚದೆ ಬಿಟ್ಟರೆ, ಅವರ ಮನೆಯಿಂದಲೇ ತುಂಡು ತುಂಡಾಗಿ ಮತ್ತೊಬ್ಬರಿಗೆ ಹೋಗುತ್ತದೆ.

ಮುಚ್ಚದೆ ಬಿಟ್ಟರೆ ತಾನೆ? ಬೆಳಿಗ್ಗೆ ಎದ್ದು ನೋಡಿದರೆ ಕ್ಯೂಬಿಟ್‌ಟೊರೆಂಟ್ ಕಿಟಕಿಯೇ ಇಲ್ಲ.

"ಅದೇನೋ ತೆರದಿತ್ತು. ಮುಂದ ಯಾರೂ ಇರ್ಲಿಲ್ಲ. ಮುಚ್ಚೀನಿ."

ಎರಡನೇ ದಿನವೂ ಅದೇ. ಮೂರನೇ ದಿನ ಸಿಡುಕಿಬಿಟ್ಟೆ, "ನಿಂಗ ತಿಳಿಯಂಗಿಲ್ಲ, ಮುಟ್ಟಬ್ಯಾಡ." ಅಪ್ಪ ಏನೂ ಅನ್ನಲಿಲ್ಲ. ಆಮೇಲೆ ನನ್ನ ಕೋಣೆಗೆ ಬರುವುದನ್ನೇ ಬಿಟ್ಟ. ಚಹಾ ಕೂಡ ಹೊರಗಿಂದಲೇ ಕೂಗಿ ಕೊಡುತ್ತಿದ್ದ.

ಅಂದು ರಾತ್ರಿ ಕರೆಂಟ್ ಹೋಯಿತು. ಬ್ಯಾಟರಿ ಸತ್ತು ವರ್ಷಗಳಾಗಿದ್ದವು. ಕರೆಂಟ್ ಬಂದಾಗ ಲಿನಕ್ಸ್ ಎದ್ದು ಲಾಗಿನ್ ಪರದೆಯ ಮುಂದೆ ಪಾಸ್‌ವರ್ಡಿಗೆ ಕಾಯುತ್ತಾ ನಿಂತಿತು. ಯಾರಾದರೂ ಲಾಗಿನ್ ಆಗದೆ ಕಿಟಕಿ ಇಲ್ಲ, ಕಿಟಕಿ ಇಲ್ಲದೆ ಕೆಲಸವಿಲ್ಲ. ಅಂದರೆ ತಪ್ಪು ಅಪ್ಪನದಲ್ಲ. ಯಾರೂ ನೋಡದ ಕೆಲಸಕ್ಕೆ ಕಿಟಕಿ ತೆರೆದಿಟ್ಟಿದ್ದು ನನ್ನದು.

ದಾರಿ ಎರಡಿದ್ದವು. ಎಕ್ಸ್‌ವಿಎಫ್‌ಬಿ ಎಂಬುದು ಮೆಮೊರಿಯಲ್ಲೇ ಒಂದು ಸುಳ್ಳು ಪರದೆ ಸೃಷ್ಟಿಸಿ, ಕಿಟಕಿ ಅದರ ಮೇಲೆ ತೆರೆದಿದೆ ಎಂದು ಪ್ರೋಗ್ರಾಂ ಅನ್ನು ನಂಬಿಸುತ್ತದೆ. ಇನ್ನೊಂದು ಕ್ಯೂಬಿಟ್‌ಟೊರೆಂಟ್‌-ನಾಕ್ಸ್. ನಾಕ್ಸ್ ಅಂದರೆ ‘ನೋ ಎಕ್ಸ್’, ಕಿಟಕಿ ಬಿಡಿಸುವ ಎಕ್ಸ್ ವ್ಯವಸ್ಥೆಯೇ ಬೇಡದ ಆವೃತ್ತಿ. ಅದನ್ನೇ ಹಾಕಿ, ಸಿಸ್ಟಮ್‌ಡಿಯಲ್ಲಿ ಸರ್ವಿಸ್ ಮಾಡಿದೆ. ಈಗ ಯಂತ್ರ ಎದ್ದೊಡನೆ ಲಾಗಿನ್ ಇಲ್ಲದೆಯೇ ಅದೂ ಏಳುತ್ತದೆ. ಲಿಡ್ ಮುಚ್ಚಿದರೂ ಮಲಗದಂತೆ ಸೆಟ್ಟಿಂಗ್ ಬದಲಿಸಿದೆ. ನೋಡಬೇಕೆನಿಸಿದರೆ ಮನೆಯ ವೈಫೈಯಲ್ಲಿ ಮೊಬೈಲ್ ಬ್ರೌಸರ್‌ನಿಂದ 8080 ಪೋರ್ಟ್. ಒಂದು ಎಡವಟ್ಟು: ನಾವೇ ಪಾಸ್‌ವರ್ಡ್ ಇಡುವವರೆಗೆ ಹೊಸ ಆವೃತ್ತಿಗಳು ಪ್ರತಿ ಸಲ ಶುರುವಾದಾಗ ಹೊಸ ತಾತ್ಕಾಲಿಕ ಪಾಸ್‌ವರ್ಡ್ ಕೊಡುತ್ತವೆ. ಅದನ್ನು ಲಾಗ್‌ನಲ್ಲಿ ಹುಡುಕಬೇಕು. ಗೊತ್ತಾಗದೆ ಒಂದು ತಾಸು ತಲೆ ಕೆರೆದುಕೊಂಡೆ.

ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಗೂಡಿನಲ್ಲಿಟ್ಟು, ನಾನೇ ಅಪ್ಪನನ್ನು ಕರೆದೆ. ಬಾಗಿಲಲ್ಲೇ ನಿಂತ.

"ಬಂದ್ ಅದಲ್ಲೋ?"

"ಬಂದ್ ಇಲ್ಲ. ನಡದದ, ನೋಡು."

ಮೊಬೈಲ್ ತೋರಿಸಿದೆ. ಪುಸ್ತಕಗಳ ಹೆಸರು, ಮುಂದೆ ‘ಸೀಡಿಂಗ್’. ಅಷ್ಟು ಹೊತ್ತಿಗೆ ಹೊರಗೆ ಹೋಗಿದ್ದು 11 ಎಂಬಿ. ಸೀಡ್ ಅಂದರೆ ಬೀಜ, ಇಡೀ ಪುಸ್ತಕ ಇಟ್ಟುಕೊಂಡು ಕೇಳಿದವರಿಗೆ ಕೊಡುವವನು ಸೀಡರ್, ಬರೀ ಇಸಗೊಂಡು ಹೋಗುವವನನ್ನ ಲೀಚರ್, ಅಂದ್ರೆ ಜಿಗಣೆ ಅಂತಾರೆ ಅಂತ ಹೇಳಿದೆ. ಅಪ್ಪ ನಕ್ಕ.

"ಮೊದಲು ಜ್ವಾಳದ ಬೀಜ ಹಂಗೇ ಕೊಡ್ತಿದ್ವಿ. ಒಬ್ಬರ ಮನ್ಯಾಗ ಹುಳ ಹತ್ತಿದ್ರೂ ಊರಾಗ ಬೀಜ ಉಳೀತಿತ್ತು."

ಒಂದು ಆರ್ಕೈವ್ ಬಿದ್ದ ವಾರ ನನಗೆ ಹೊಳೆದದ್ದನ್ನು ಅಪ್ಪ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ. ನಿಂಗ ತಿಳಿಯಂಗಿಲ್ಲ ಅಂದಿದ್ದು ಇವನಿಗೇ.

"ಮತ್ತ ಪರದಿ ಯಾಕ ಬೇಕು? ರಾತ್ರಿ ನೀರು ಬಿಡಾಕ ಹೋದ್ರ ಯಾರು ನೋಡ್ತಾರ? ಹೊಲಕ್ಕ ನೀರು ಹೋದ್ರ ಸೈ," ಅಂದ.

ಬೆಂಗಳೂರಿಗೆ ಬಂದ ಮೇಲೆ ನಾನು ಅದನ್ನು ಹೆಚ್ಚು ನೋಡಿಲ್ಲ. ಅಪ್ಪನ ಫೋನು ಬರುತ್ತದೆ: "ಕರೆಂಟ್ ಹೋಗಿ ಬಂತು. ಸಣ್ಣ ದೀಪ ಹತ್ತ್ಯದ." ಉಳಿದದ್ದೆಲ್ಲ ಇನ್ನೂ ಆರಿಸುತ್ತಾನಂತೆ. ಆ ಒಂದು ಸ್ವಿಚ್ಚಿಗೆ ಮಾತ್ರ, ಯಾರೂ ಒತ್ತದಂತೆ, ತಾನೇ ಟೇಪು ಅಂಟಿಸಿದ್ದಾನೆ.