ರೊಟ್ಟಿ, ರಟ್ಟೆ ಮತ್ತು ತೂಕ

ಜೋಳ ತಿಂದವ ತೋಳನಂತಾಗುತ್ತಾನೆ ಎಂಬ ಗಾದೆಯಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಜನರು ತಮ್ಮ ಊಟದ ಬಗ್ಗೆ ಇಟ್ಟುಕೊಂಡಿರುವ ಅಭಿಮಾನವೆಲ್ಲ ಅಡಕವಾಗಿದೆ. ಈ ಗಾದೆ ಹುಟ್ಟಿದ ಕಾಲದಲ್ಲಿ ಜೋಳ ತಿಂದವನು ನಸುಕಿನಲ್ಲಿ ಎದ್ದು ಎರೆ ಹೊಲಕ್ಕೆ ನಡೆದು, ಕುಂಟೆ ಹೊಡೆದು, ಕಳೆ ಕಿತ್ತು, ಹೊತ್ತು ಮುಳುಗಿದ ಮೇಲೆ ಮತ್ತೆ ನಡೆದೇ ಮನೆಗೆ ಬರುತ್ತಿದ್ದನಾದ್ದರಿಂದ, ಆ ದುಡಿಮೆಯನ್ನು ಗಾದೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಇಂದು ಊಟವೂ ಬದಲಾಗಿದೆ, ದುಡಿಮೆಯೂ ಬದಲಾಗಿದೆ. ಹೀಗಾಗಿ ದೇಹದ ಕ್ಷಮತೆ, ಪೋಷಣೆ ಮತ್ತು ತೂಕಗಳನ್ನು ಅರಿಯಬಯಸುವವರು ಗಾದೆ ಹೇಳಿದ ಅರ್ಧದ ಜೊತೆಗೆ ಅದು ಹೇಳದೆ ಬಿಟ್ಟ ಅರ್ಧವನ್ನೂ ಕೂಡಿಸಿ ಓದಬೇಕಾಗುತ್ತದೆ.

ಮೊದಲು ಊಟದ ವಿಚಾರ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವಂಥ ಗ್ಲುಟೆನ್, ಅಂದರೆ ಹಿಟ್ಟನ್ನು ಹಿಡಿದಿಡುವ ಅಂಟುಗುಣದ ಪ್ರೋಟೀನ್, ಇರುವುದಿಲ್ಲ. ಆ ಕಾರಣಕ್ಕೇ ಹಿಟ್ಟಿನ ನಡುವೆ ಕುಳಿ ಮಾಡಿ ಕುದಿಯುವ ಎಸರು ಹಾಕುತ್ತಾರೆ. ಬಿಸಿಗೆ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದ ಹಿಟ್ಟು ಬಡಿತಕ್ಕೆ ಬಿರಿಯದೆ ತೆಳ್ಳಗೆ ಹರಡುತ್ತದೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಕೆಂಡಕ್ಕೆ ಒಡ್ಡಿದಾಗ ಅದು ಉಬ್ಬುವುದು ಒಳಗಿನ ಹಬೆಯಿಂದ. ಒಂದು ಹನಿ ಎಣ್ಣೆಯೂ ಅದಕ್ಕೆ ಬೇಕಿಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಮತ್ತು ಹೆಚ್ಚುಕಡಿಮೆ ಅಷ್ಟೇ ನಾರು ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರಿನ ಪ್ರಮಾಣ 3 ಗ್ರಾಂ ಕೂಡ ದಾಟುವುದಿಲ್ಲ. ಈ ನಾರಿನಿಂದಾಗಿ ರೊಟ್ಟಿ ನಿಧಾನವಾಗಿ ಜೀರ್ಣವಾಗಿ ಹೊಟ್ಟೆಯನ್ನು ಬಹಳ ಹೊತ್ತು ತಡೆಯುತ್ತದೆ.

ಇಷ್ಟಾದರೂ ಜೋಳವೊಂದೇ ಪೂರ್ಣಾಹಾರವಲ್ಲವೆಂಬುದನ್ನು ದಖ್ಖನಿನ ಬಡತನವೇ ಹಿಂದೆ ತೋರಿಸಿಕೊಟ್ಟಿದೆ. ಚರ್ಮ ಒರಟಾಗಿ ಕಪ್ಪಾಗುವ, ಭೇದಿ ಹತ್ತುವ, ಮನಸ್ಸು ಮಂಕಾಗುವ ಪೆಲ್ಲಾಗ್ರಾ ಎಂಬ ರೋಗವು ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಬರುತ್ತದೆ. ಜೋಳವನ್ನೇ ನೆಚ್ಚಿದ ಬಡವರಲ್ಲಿ ಈ ರೋಗ ಕಾಣಿಸುವುದನ್ನು ಅಭ್ಯಸಿಸಿದ ಹೈದರಾಬಾದಿನ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು, ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೂ ಈ ಕೊರತೆಗೂ ಇರಬಹುದಾದ ನಂಟನ್ನು 1960ರಲ್ಲಿ ಮುಂದಿಟ್ಟರು. ಇದರ ಬೆಳಕಿನಲ್ಲಿ ನೋಡಿದರೆ ರೊಟ್ಟಿಯ ಪಕ್ಕದಲ್ಲಿರುವ ಪ್ರತಿಯೊಂದು ಪದಾರ್ಥದ ಬೆಲೆ ತಿಳಿಯುತ್ತದೆ: ಶೇಂಗಾ ಹಿಂಡಿಯಲ್ಲಿ, ಅಂದರೆ ಶೇಂಗಾದ ಚಟ್ನಿಪುಡಿಯಲ್ಲಿ, ನಯಾಸಿನ್ ಹೇರಳವಾಗಿದೆ, ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಹೆಸರು, ಮಡಕಿ, ತೊಗರಿ ಕಾಳುಗಳ ಪಲ್ಯ ಒದಗಿಸುತ್ತದೆ, ಅಗಸಿ ಮತ್ತು ಗುರೆಳ್ಳಿನ ಹಿಂಡಿಗಳಿಂದ ಒಳ್ಳೆಯ ಜಿಡ್ಡು ಸಿಗುತ್ತದೆ, ಹಸಿಯಾಗಿ ತಿನ್ನುವ ಹಕ್ಕರಕಿ, ಮೆಂತ್ಯೆಯ ಎಳೆ ಸೊಪ್ಪಿನಲ್ಲಿರುವ ಸಿ ಜೀವಸತ್ವವು ಧಾನ್ಯದೊಳಗಿನ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ, ಮಜ್ಜಿಗೆ ಕ್ಯಾಲ್ಸಿಯಂ ಕೊಡುತ್ತದೆ. ಬಾದಾಮಿಯ ಬನಶಂಕರಿಯಲ್ಲಿ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳು ಯಾತ್ರಿಕರಿಗೆ ರೊಟ್ಟಿ, ಪಲ್ಯ, ಹಿಂಡಿ, ಗಡಿಗೆ ಮೊಸರನ್ನು ಒಟ್ಟಿಗೆ ಬಡಿಸುವಾಗ, ಪೋಷಣಶಾಸ್ತ್ರವು ಸಮತೋಲಿತ ಆಹಾರವೆಂದು ಕರೆಯುವ ಊಟವನ್ನೇ ಬಡಿಸುತ್ತಿರುತ್ತಾರೆ.

ಇನ್ನು ರಟ್ಟೆಯ ವಿಚಾರ. ದೈಹಿಕ ಕ್ಷಮತೆಯೆಂದರೆ ನಿತ್ಯದ ಕೆಲಸವನ್ನು ದಣಿವಿಲ್ಲದೆ ಮುಗಿಸಿ, ಅನಿರೀಕ್ಷಿತ ಶ್ರಮಕ್ಕೂ ಒಂದಿಷ್ಟು ಕಸುವನ್ನು ಉಳಿಸಿಕೊಂಡಿರುವ ಸ್ಥಿತಿ. ಹೃದಯ ಮತ್ತು ಶ್ವಾಸಕೋಶಗಳ ತಾಳಿಕೆ, ಸ್ನಾಯುಗಳ ಬಲ, ಕೀಲುಗಳ ಬಾಗುವಿಕೆ, ದೇಹದಲ್ಲಿ ಕೊಬ್ಬು ಮತ್ತು ಮಾಂಸಖಂಡಗಳ ಹದವಾದ ಪಾಲು ಇವೆಲ್ಲ ಅದರಲ್ಲಿ ಸೇರುತ್ತವೆ. ದುಡಿಮೆಯೆಲ್ಲವೂ ಈ ನಾಲ್ಕನ್ನೂ ಕೊಡುವುದಿಲ್ಲ. ಇಳಕಲ್ಲಿನ ಕುಣಿಮಗ್ಗದ ಮುಂದೆ ಕುಳಿತ ನೇಕಾರನು ಕುಣಿಯೊಳಗೆ ಕಾಲಿಳಿಬಿಟ್ಟು ಹಲಗೆಗಳನ್ನು ತುಳಿಯುತ್ತ, ಲಾಳಿ ಓಡಿಸುತ್ತ, ಒಡಲಿನ ಹಾಸಿನೆಳೆಗಳಿಗೆ ಸೆರಗಿನ ಹಾಸಿನೆಳೆಗಳನ್ನು ಒಂದೊಂದಾಗಿ ಕೊಂಡಿ ಹಾಕುತ್ತ ದಿನವಿಡೀ ದುಡಿದರೂ, ಬೆನ್ನು ಬಾಗಿ ಕೂತಲ್ಲೇ ಕೂರುವ ಆ ಕೆಲಸದಲ್ಲಿ ಉಸಿರು ಏರುವುದು ಕಡಿಮೆ. ಸಂಜೆ ಅವನಿಗೆ ಬೇಕಾದದ್ದು ಬೆನ್ನು ನೆಟ್ಟಗೆ ಮಾಡುವ ಸಾಮು ಮತ್ತು ಬಿರುಸಾದ ನಡಿಗೆ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ ಮಾಡಬೇಕು, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಮಧ್ಯಮ ಪ್ರಮಾಣವೆಂಬುದನ್ನು ಅಳೆಯಲು ಯಂತ್ರ ಬೇಕಿಲ್ಲ: ಬಾದಾಮಿಯ ಗುಹೆಗಳ ಮೆಟ್ಟಿಲು ಹತ್ತುವವರಿಗೆ ಜೊತೆಗಾರರೊಡನೆ ಮಾತಾಡಲು ಆಗುತ್ತಿದ್ದು ಹಾಡಲು ಆಗದಿದ್ದರೆ ಅದು ಮಧ್ಯಮ, ನಾಲ್ಕು ಮಾತಾಡುವಷ್ಟರಲ್ಲಿ ತೇಕು ಬಂದರೆ ಅದು ತೀವ್ರ. ಸ್ನಾಯುಬಲದ ಪಾಠವನ್ನು ಈ ನಾಡಿನ ಗರಡಿಮನೆಗಳು ಬಹು ಹಿಂದೆಯೇ ಕಲಿಸಿದ್ದವು. ಕೆಮ್ಮಣ್ಣಿನಲ್ಲಿ ದಂಡ, ಬಸ್ಕಿ ಹೊಡೆಯುವ ಹುಡುಗನಿಗೆ ವಸ್ತಾದರು ಮೊದಲ ದಿನವೇ ಭಾರದ ಕಲ್ಲು ಎತ್ತಗೊಡುವುದಿಲ್ಲ. ಸ್ನಾಯುವಿಗೆ ಶ್ರಮ, ವಿಶ್ರಾಂತಿ ಮತ್ತು ಪ್ರೋಟೀನ್ ಸಿಕ್ಕಂತೆಲ್ಲ ಅದು ಹೆಚ್ಚಿನ ಭಾರಕ್ಕೆ ಸಿದ್ಧವಾಗುತ್ತದೆ ಎಂಬ ತಿಳಿವಳಿಕೆ ಆ ತಾಳ್ಮೆಯ ಹಿಂದಿದೆ.

ತೂಕದ ವಿಚಾರದಲ್ಲಿ ಜನರನ್ನು ಹೆಚ್ಚು ಕಾಡುವುದು ಎಷ್ಟಿದ್ದರೆ ಸರಿ ಎಂಬ ಪ್ರಶ್ನೆ. ಕಿಲೋಗ್ರಾಂಗಳಲ್ಲಿ ಅಳೆದ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ ದೊರೆಯುತ್ತದೆ. ಭಾರತೀಯರಿಗೆ ಅದು 18.5ರಿಂದ 22.9ರ ಒಳಗಿದ್ದರೆ ಸರಿಯೆಂದೂ, 23ರಿಂದ ಅಧಿಕ ತೂಕವೆಂದೂ, 25 ಮುಟ್ಟಿದರೆ ಬೊಜ್ಜೆಂದೂ ವೈದ್ಯರು ಪರಿಗಣಿಸುತ್ತಾರೆ. ಇದರಂತೆ 160 ಸೆಂಟಿಮೀಟರ್ ಎತ್ತರದವರ ತೂಕ 48ರಿಂದ 58 ಕಿಲೋ ಇದ್ದರೆ ಹಿತ. ಆದರೆ ಈ ಲೆಕ್ಕಕ್ಕೆ ಪೈಲವಾನನ ಮಾಂಸಖಂಡವೂ ವ್ಯಾಪಾರಿಯ ಹೊಟ್ಟೆಯ ಬೊಜ್ಜೂ ಒಂದೇ ಆಗಿ ಕಾಣುವುದರಿಂದ ಸೊಂಟದ ಸುತ್ತಳತೆಯನ್ನೂ ನೋಡಬೇಕು; ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ಮಧುಮೇಹ ಮತ್ತು ಹೃದ್ರೋಗದ ಅಪಾಯ ಏರುತ್ತದೆ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 170 ಕ್ಯಾಲೊರಿ ಇದ್ದರೆ, 60 ಕಿಲೋ ತೂಕದವರು ಒಂದು ತಾಸು ಬಿರುಸಾಗಿ ನಡೆದರೂ ವ್ಯಯವಾಗುವುದು ಇನ್ನೂರರಿಂದ ಇನ್ನೂರೈವತ್ತು ಕ್ಯಾಲೊರಿಯ ಆಸುಪಾಸು. ಹೀಗಾಗಿ ಮಿತಿಮೀರಿ ಉಂಡದ್ದನ್ನು ನಡೆದು ಕರಗಿಸುತ್ತೇನೆಂಬ ಎಣಿಕೆ ಫಲಿಸುವುದು ಕಷ್ಟ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಎದ್ದ ಮೇಲೆ ಪೇಟೆ, ಕಚೇರಿ, ಮನೆಗಳ ನಡುವೆ ಅಂತರ ಬೆಳೆಯಿತು. ಓಣಿಯಿಂದ ಓಣಿಗೆ ನಡೆಯುತ್ತಿದ್ದ ಕಾಲುಗಳಿಗೆ ಬೈಕು, ಆಟೋ ರೂಢಿಯಾದವು. 2013ರ ಅನ್ನಭಾಗ್ಯ ಪಡಿತರ ಅಕ್ಕಿ ಯೋಜನೆಯು ಹಸಿವಿನ ಭಯವನ್ನು ನೀಗಿಸಿದ್ದು ದೊಡ್ಡ ಉಪಕಾರ. ಆದರೆ ರೊಟ್ಟಿಯ ಜಾಗಕ್ಕೆ ಅನ್ನ ಬಂದಾಗ ಕಾಳು, ಸೊಪ್ಪು, ಹಿಂಡಿಗಳೂ ಹಿಂದೆ ಸರಿದರೆ ಹೊಟ್ಟೆ ತುಂಬಿಯೂ ಪೋಷಣೆ ಸೊರಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕ ಅಥವಾ ಬೊಜ್ಜಿನವರು, ಸುಮಾರು 17 ಮಂದಿ ಕಡಿಮೆ ತೂಕದವರು, ಅರ್ಧದಷ್ಟು ಮಂದಿ ರಕ್ತಹೀನತೆಯವರು.

ಹುನಗುಂದ ಸೀಮೆಯ ಕೂಡಲಸಂಗಮದ ನೆನಪಿನೊಡನೆ ಬೆಸೆದುಕೊಂಡ ಕಾಯಕವೆಂಬ ಮಾತಿನ ಮೊದಲಲ್ಲೇ ಕಾಯವಿದೆ. ದುಡಿಯುವ ದೇಹ ಕಡೆಗಣಿಸತಕ್ಕದ್ದಲ್ಲ ಎಂಬ ಅರಿವು ಅಲ್ಲಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರಿಗೆ ಹೋಗಿ ಹೆಂಡ, ತಂಬಾಕು, ಗುಟ್ಕಾಗಳ ಚಟವನ್ನೇ ಭಿಕ್ಷೆಯಾಗಿ ಬೇಡಿ ಜೋಳಿಗೆಗೆ ಹಾಕಿಸಿಕೊಂಡದ್ದು ಈ ಅರಿವಿನ ಮುಂದುವರಿಕೆ. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಬಿಡಬೇಕಾದದ್ದನ್ನು ಆ ಜೋಳಿಗೆ ಕಲಿಸಿತು. ಮನೆಗಳು ಕಲಿಯಬೇಕಾದದ್ದು ಇನ್ನೂ ಒಂದಿದೆ. ಎಲ್ಲರಿಗೂ ಬಿಸಿ ರೊಟ್ಟಿ ಬಡಿದು ಹಾಕಿದ ತಾಯಿ ಕೊನೆಗೆ ಉಳಿದ ತಂಗಳು ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವಾಗ, ಆ ಚಹಾವೇ ರೊಟ್ಟಿಯ ಕಬ್ಬಿಣದ ಅಂಶ ರಕ್ತಕ್ಕೆ ಸೇರದಂತೆ ತಡೆಯುತ್ತಿರುತ್ತದೆ. ಹಿಟ್ಟು ನಾದುವ ಕೆಲಸಕ್ಕೆ ಗಂಡಸರ ರಟ್ಟೆಯೂ ಸೇರಿ, ಕಾಳಿನ ಪಲ್ಯ, ಹಸಿ ಸೊಪ್ಪು, ಶೇಂಗಾ ಹಿಂಡಿಯಿರುವ ತಾಟು ಮೊದಲ ಪಂಕ್ತಿಯಲ್ಲೇ ಅವಳ ಮುಂದೆಯೂ ಬಂದರೆ, ಈ ಸೀಮೆಯ ಆರೋಗ್ಯದ ಅರ್ಧ ಕೆಲಸ ಒಲೆಯ ಬಳಿಯಲ್ಲೇ ಮುಗಿದಂತಾಗುತ್ತದೆ.