ಆರಿಸದ ಇಂಜಿನ್

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಸೇವೆಯಲ್ಲಿದ್ದಾಗ, ರೈತ ಮಿತ್ರರೊಬ್ಬರ ಪಿಕಪ್ ಟ್ರಕ್ಕಿನಲ್ಲಿ ಐಸೆನ್‌ಹೋವರ್ ಸುರಂಗದತ್ತ ಏರುತ್ತಿದ್ದೆ. 11,000 ಅಡಿಗೂ ಮಿಗಿಲಾದ ಎತ್ತರ. ಹಿಂದೆ ಹಸುಗಳನ್ನು ತುಂಬಿದ ಟ್ರೈಲರ್. ಗೇರ್‌ಪೆಟ್ಟಿಗೆಯ ಎಣ್ಣೆಯ ತಾಪ 250 ಡಿಗ್ರಿ ಫ್ಯಾರನ್‌ಹೀಟ್ ಸಮೀಪಿಸಿತ್ತು. ಸಂಜೆಯೊಳಗೆ ಧರ್ಮಕೇಂದ್ರ ಸೇರುವ ಅವಸರ ನನಗೆ. “ಸುರಂಗ ಇನ್ನೇನು ಬಂತು, ನಡೆಯಿರಿ” ಎಂದೆ. ಅವರು ಒಪ್ಪಲಿಲ್ಲ. ರಸ್ತೆಬದಿಯ ತಂಗುದಾಣದಲ್ಲಿ ನಿಲ್ಲಿಸಿ ಗೇರನ್ನು ಪಾರ್ಕ್‌ಗೆ ಹಾಕಿದರು. ಆದರೆ ಇಂಜಿನ್ ಆರಿಸಲಿಲ್ಲ.

ಕಾರಣವನ್ನು ಅವರೇ ವಿವರಿಸಿದರು. ಸ್ವಯಂಚಾಲಿತ ಗೇರ್‌ಪೆಟ್ಟಿಗೆಯಲ್ಲಿ ಇಂಜಿನ್ನಿನ ಬಲವನ್ನು ಮುಂದಕ್ಕೆ ಸಾಗಿಸುವುದು ಎಣ್ಣೆ. ಭಾರವೆಳೆಯುತ್ತ ನಿಧಾನವಾಗಿ ಏರುವಾಗ ಟಾರ್ಕ್ ಕನ್ವರ್ಟರಿನೊಳಗೆ ಅದು ಮಜ್ಜಿಗೆಯಂತೆ ಕಡೆಯಲ್ಪಟ್ಟು ಕಾಯುತ್ತದೆ. ತಾಪ ಮಿತಿಮೀರಿದರೆ ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಬೀರಿ, ಕ್ಲಚ್ಚುಗಳೂ ಕೆಡುತ್ತವೆ. ಇಂಜಿನ್ ಆರಿಸಿದರೆ ಪಂಪು ನಿಲ್ಲುತ್ತದೆ. ಬಿಸಿ ಎಣ್ಣೆ ಕೂಲರನ್ನು ತಲುಪದೆ ಒಳಗೇ ಉಳಿಯುತ್ತದೆ.

ಮುಳ್ಳು ಇಳಿದ ಮೇಲೆ ಕೆಳಗಿನ ಗೇರಿನಲ್ಲಿ ಸಾವಕಾಶವಾಗಿ ಏರಿದೆವು. ತಡವಾಯಿತು, ನಿಜ. ನನ್ನ ಮಾತು ಕೇಳಿದ್ದರೆ ಅವರ ಜೀವನಾಧಾರವಾದ ಆ ಟ್ರಕ್ಕು ದಾರಿಯಲ್ಲೇ ಕೆಟ್ಟು ನಿಲ್ಲುತ್ತಿತ್ತೇನೋ! ಭಾರ ಹೊತ್ತವರನ್ನು ಅವಸರಪಡಿಸುವ ಮುನ್ನ ಆ ಮುಳ್ಳು ಇಂದಿಗೂ ನನ್ನ ಕಣ್ಮುಂದೆ ಬರುತ್ತದೆ. ನೀವೂ ಏರಿನಲ್ಲಿದ್ದರೆ ತುಸು ನಿಲ್ಲಿರಿ. ಬಿಸಿ ಹೊರಹೋಗುವ ದಾರಿಯನ್ನು ಮಾತ್ರ ಮುಚ್ಚದಿರಿ.